ಅನಾಹುತದ ಮರುದಿನ, ಚಪ್ಪಾಳೆಯ ಮರುದಿನ: ಬ್ರೆಜಿಲ್‌ನ ಯಾವ ಚಿತ್ರ ನಿಮಗೆ ಹೊಂದುತ್ತದೆ?

ವಾಲ್ಟರ್ ಸಾಲೆಸ್ ನಿರ್ದೇಶನದ ‘ಐ ಆಮ್ ಸ್ಟಿಲ್ ಹಿಯರ್’ 2025ರ ಮಾರ್ಚ್‌ನಲ್ಲಿ ಬ್ರೆಜಿಲ್‌ಗೆ ಮೊದಲ ಆಸ್ಕರ್ ತಂದುಕೊಟ್ಟ ಮೇಲೆ, ಆ ದೇಶದ ಚಿತ್ರಗಳಲ್ಲಿ ಮೊದಲು ಯಾವುದನ್ನು ನೋಡಬೇಕು ಎಂದು ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಹಾಗೆ ಕೇಳುವವರ ಒಲವು ಸಾಮಾನ್ಯವಾಗಿ ಎರಡು ಕಡೆಗಿರುತ್ತದೆ. ಕೆಲವರಿಗೆ ಬರ, ವಿಷಗಾಳಿ, ವಿಕಿರಣ, ಮುಳುಗಡೆಗಳಂಥ ಅನಾಹುತಗಳಾದ ಮೇಲೆ ಜನ ಹೇಗೆ ಬದುಕಿ ಉಳಿಯುತ್ತಾರೆ ಎಂಬ ಕಥೆ ಬೇಕು. ಮತ್ತೆ ಕೆಲವರು ಆ ಆಸ್ಕರ್ ಚಿತ್ರದ ನಾಯಕಿ ಫೆರ್ನಾಂಡಾ ತೋರೆಸ್ ಅವರ ಅಭಿನಯಕ್ಕೆ ಮನಸೋತು, ನಟಿಯರ ಬದುಕನ್ನೇ ವಸ್ತುವಾಗಿಸಿಕೊಂಡ ಚಿತ್ರಗಳನ್ನು ಹುಡುಕುತ್ತಿರುತ್ತಾರೆ. ಇಬ್ಬರ ಕೈಯಲ್ಲಿಯೂ ಇರುವುದು ವಾರಕ್ಕೊಂದು ಬಿಡುವಿನ ಸಂಜೆ. ಆ ಸಂಜೆ ವ್ಯರ್ಥವಾಗಬಾರದು ಎಂಬ ಕಾಳಜಿಯಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಈ ಎರಡು ಬಗೆಯ ಚಿತ್ರಗಳು ನಾವು ಎಣಿಸಿದಷ್ಟು ದೂರದವಲ್ಲ ಎಂಬುದು ಹಲವು ವರ್ಷಗಳ ನೋಡುವಿಕೆಯಿಂದ ನನಗೆ ಮನದಟ್ಟಾಗಿದೆ. ಅನಾಹುತವಾದ ಮರುದಿನ ಬೆಳಗ್ಗೆ ಯಾರಾದರೂ ನೀರು ತರಬೇಕು, ಒಲೆ ಹಚ್ಚಬೇಕು, ಸಾಲದ ಲೆಕ್ಕ ನೋಡಬೇಕು. ರಂಗದ ಮೇಲೆ ಚಪ್ಪಾಳೆ ಗಿಟ್ಟಿಸಿದ ನಟಿಯೂ ಬಣ್ಣ ಒರೆಸಿಕೊಂಡು ಮನೆಗೆ ಹೋಗಿ, ಮರುದಿನ ಬೆಳಗ್ಗೆ ಬಾಡಿಗೆ ಹೊಂದಿಸಬೇಕು. ಬ್ರೆಜಿಲ್‌ನ ಒಳ್ಳೆಯ ನಿರ್ದೇಶಕರು ಅನಾಹುತಕ್ಕಿಂತಲೂ, ಚಪ್ಪಾಳೆಗಿಂತಲೂ ಈ ಮರುದಿನವನ್ನು ಹೆಚ್ಚು ಗಮನವಿಟ್ಟು ನೋಡುತ್ತಾರೆ. ಆದ್ದರಿಂದ ನನ್ನ ಮೊದಲ ಅಳತೆಗೋಲು ಇದೇ: ಚಿತ್ರವು ಮರುದಿನದ ಬದುಕನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ?

ಎರಡನೆಯ ಅಳತೆಗೋಲು ಸಬ್‌ಟೈಟಲ್‌ನ ಹೊರೆ. ನಮ್ಮಲ್ಲಿ ಪೋರ್ಚುಗೀಸ್ ಬಲ್ಲವರು ವಿರಳ, ಕನ್ನಡದ ಸಬ್‌ಟೈಟಲ್ ಸಿಗುವುದು ಇನ್ನೂ ವಿರಳ. ಆದ್ದರಿಂದ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡೇ ನೋಡಬೇಕು. ಮನೆಯಲ್ಲಿ ಅಷ್ಟು ವೇಗವಾಗಿ ಇಂಗ್ಲಿಷ್ ಓದಲಾಗದ ಹಿರಿಯರು ಜೊತೆಗೆ ಕುಳಿತಿದ್ದರೆ ಇದು ಸಣ್ಣ ವಿಷಯವಲ್ಲ. ಮೂರನೆಯದು ಮನಸ್ಸು ತಾಳಿಕೊಳ್ಳಬಲ್ಲ ನೋವಿನ ಪ್ರಮಾಣ, ಅದರ ಜೊತೆಗೆ ಮಕ್ಕಳು ಕೂರಬಹುದೇ ಎಂಬ ಪ್ರಶ್ನೆ. ನಾಲ್ಕನೆಯದು ಪರದೆ ಮತ್ತು ಖರ್ಚು. ಕೆಲವು ಚಿತ್ರಗಳು ಲ್ಯಾಪ್‌ಟಾಪ್‌ನಲ್ಲಿಯೂ ಪೂರ್ತಿಯಾಗಿ ದಕ್ಕುತ್ತವೆ. ಮತ್ತೆ ಕೆಲವಕ್ಕೆ ದೊಡ್ಡ ಪರದೆಯೂ ಒಳ್ಳೆಯ ಪ್ರತಿಯೂ ಇಲ್ಲದಿದ್ದರೆ ಅರ್ಧ ಚಿತ್ರವೇ ಕೈತಪ್ಪುತ್ತದೆ.

ಬರದಲ್ಲಿ ಬದುಕು: ‘ವೀದಾಸ್ ಸೇಕಾಸ್’

ನೆಲ್ಸನ್ ಪೆರೇರಾ ದೊಸ್ ಸಾಂತೋಸ್ 1963ರಲ್ಲಿ ಮಾಡಿದ ಈ ಚಿತ್ರದ ಹೆಸರಿಗೆ ಬರಡು ಬದುಕುಗಳು ಎಂದರ್ಥ. ಗ್ರಾಸಿಲಿಯಾನೊ ರಾಮೋಸ್ ಅವರ 1938ರ ಕಾದಂಬರಿ ಇದಕ್ಕೆ ಆಧಾರ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಸೆರ್ತಾಂವ್ ಎಂಬ ಒಣ ಒಳನಾಡಿದೆ. ಮಳೆ ಕೈಕೊಟ್ಟಾಗ ಅಲ್ಲಿಯ ದನಗಾಹಿ ಕುಟುಂಬಗಳು ಪಾತ್ರೆಪಗಡಿ ಹೊತ್ತು ಕಾಲ್ನಡಿಗೆಯಲ್ಲಿ ಗುಳೆ ಹೋಗುತ್ತಿದ್ದವು. ಫಾಬಿಯಾನೊ, ಅವನ ಹೆಂಡತಿ ಸಿನ್ಯಾ ವಿತೋರಿಯಾ, ಇಬ್ಬರು ಗಂಡುಮಕ್ಕಳು, ಬಾಲೇಯಾ ಎಂಬ ನಾಯಿ, ಇಷ್ಟೇ ಈ ಕಥೆಯ ಸಂಸಾರ.

ಕನ್ನಡದ ಮನೆಗೆ ಈ ಚಿತ್ರವನ್ನು ಮೊದಲು ಸೂಚಿಸಲು ಬಲವಾದ ಕಾರಣವಿದೆ. ಇದರಲ್ಲಿ ಮಾತು ಬಹಳ ಕಡಿಮೆ. ಚಿತ್ರ ಆರಂಭವಾಗುವಾಗ ಸಂಗೀತವೇ ಇಲ್ಲ. ಬಿಸಿಲು ಕಾದ ಬಯಲಿನ ಮೇಲೆ ಎತ್ತಿನ ಗಾಡಿಯ ಚಕ್ರದ ಕಿರುಗುಟ್ಟುವಿಕೆ ಮಾತ್ರ ಎಡೆಬಿಡದೆ ಕೇಳುತ್ತಿರುತ್ತದೆ, ದೂರದಿಂದ ಚುಕ್ಕಿಗಳಂತೆ ಕಾಣುವ ಜನ ನಿಧಾನವಾಗಿ ಹತ್ತಿರ ಬರುತ್ತಾರೆ. ನಾನು ಇದನ್ನು ಹಾಕಿದಾಗ ಪಕ್ಕದಲ್ಲಿ ಕುಳಿತಿದ್ದ ನಮ್ಮ ತಾಯಿಯವರು, ಪರದೆಯ ಮೇಲೆ ಗಾಡಿ ಕಾಣುವ ಮೊದಲೇ, ‘ಅಚ್ಚಿಗೆ ಕೀಲೆಣ್ಣೆ ಹಾಕಿ ಯಾವ ಕಾಲವಾಯಿತೋ’ ಎಂದರು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಅವರಿಗೆ ಆ ಸದ್ದಿನ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಒಂದು ಸಾಲೂ ಸಬ್‌ಟೈಟಲ್ ಓದದೆ ಅವರು ಚಿತ್ರವನ್ನು ಕೊನೆಯವರೆಗೆ ನೋಡಿದರು. ಧಣಿ ಕೂಲಿಯ ಲೆಕ್ಕ ಕೊಡುವಾಗ, ಮನೆಯಲ್ಲಿ ಹೆಂಡತಿ ಹಾಕಿದ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ತಾಳೆಯಾಗದೆ, ಉಳಿದದ್ದು ಬಡ್ಡಿಗೆ ಹೋಯಿತು ಎಂದು ಅವನು ಹೇಳುವ ಜಾಗದಲ್ಲಿ ಅವರು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಇದರಲ್ಲಿ ಅನಾಹುತವು ಒಂದು ದಿನದ ಘಟನೆಯಲ್ಲ, ಹೋಗಿ ಮತ್ತೆ ಬರುವ ಋತು. ಹಸಿವು ತಡೆಯಲಾರದೆ ಸಾಕಿದ ಗಿಳಿಯನ್ನು ಕೊಂದು ಬೇಯಿಸಿಕೊಳ್ಳುವಾಗ, ಅದಕ್ಕೆ ಮಾತಾಡಲೂ ಬರುತ್ತಿರಲಿಲ್ಲ ಎಂದು ತಾಯಿ ಸಮಾಧಾನ ಹೇಳಿಕೊಳ್ಳುತ್ತಾಳೆ. ಮನೆಯವರೇ ಮಾತಾಡದಿದ್ದರೆ ಗಿಳಿ ಯಾರಿಂದ ಕಲಿಯಬೇಕು? ಮುಂದೆ ಹಿರಿಯ ಮಗ ‘ಇನ್‌ಫೆರ್ನು’, ಅಂದರೆ ನರಕ, ಎಂಬ ಪದವನ್ನು ಎಲ್ಲೋ ಕೇಳಿಸಿಕೊಂಡು ಬಂದು ಅದರ ಅರ್ಥ ಕೇಳುತ್ತಾನೆ. ನೀನು ಅದನ್ನು ನೋಡಿದ್ದೀಯಾ ಎಂದು ತಾಯಿಯನ್ನು ಮರುಪ್ರಶ್ನೆ ಮಾಡಿದ್ದಕ್ಕೆ ತಲೆಗೆ ಮೊಟಕಿಸಿಕೊಂಡು ಹೊರಗೆ ಹೋಗಿ, ಬೋಳು ಮರಗಳನ್ನೂ ಬಿರಿದ ನೆಲವನ್ನೂ ನೋಡುತ್ತ ಆ ಪದವನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಬದುಕಿ ಉಳಿಯುವುದರಲ್ಲಿ ಮಾತಿಗೂ ಪಾಲಿದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಮತ್ತೊಂದು ಚಿತ್ರ ನನಗೆ ಗೊತ್ತಿಲ್ಲ.

ತೊಡಕುಗಳೂ ಇವೆ. ಛಾಯಾಗ್ರಾಹಕ ಲೂಯಿಸ್ ಕಾರ್ಲೋಸ್ ಬರೇತೊ ಫಿಲ್ಟರ್ ಬಳಸದೆ ಬಿಸಿಲನ್ನು ಬಿಸಿಲಾಗಿಯೇ ಸೆರೆಹಿಡಿದರು. ಆಕಾಶ ಕಣ್ಣು ಕುಕ್ಕುವಷ್ಟು ಬಿಳಿಯಾಗಿದೆ. ಪುಕ್ಕಟೆಯಾಗಿ ಸಿಗುವ ಮಸುಕು ಪ್ರತಿಗಳಲ್ಲಿ ಈ ಬಿಳುಪು ಇಡೀ ಚಿತ್ರವನ್ನು ನುಂಗಿ, ಮುಖಗಳೇ ಕಾಣದಂತಾಗುತ್ತದೆ. ಹೀಗಾಗಿ ಈ ಪಟ್ಟಿಯಲ್ಲಿ ಯಾವುದಾದರೂ ಒಂದಕ್ಕೆ ಮಾತ್ರ ಹಣ ಕೊಡುವುದಾದರೆ ಇದಕ್ಕೇ ಕೊಡಿ. ಎರಡನೆಯ ಎಚ್ಚರಿಕೆ ನಾಯಿಯ ಬಗ್ಗೆ. ಕೊನೆಯ ಭಾಗದಲ್ಲಿ ರೋಗಬಿದ್ದ ಬಾಲೇಯಾಳನ್ನು ಫಾಬಿಯಾನೊ ಗುಂಡಿಟ್ಟು ಕೊಲ್ಲುವ ದೃಶ್ಯವಿದೆ. 1964ರಲ್ಲಿ ಕಾನ್ ಉತ್ಸವದಲ್ಲಿ ಪ್ರದರ್ಶನವಾದಾಗ ನಾಯಿಯನ್ನು ನಿಜವಾಗಿಯೇ ಕೊಂದರೆಂಬ ಆಕ್ಷೇಪ ಎದ್ದು, ಅದು ಜೀವಂತವಾಗಿದೆ ಎಂದು ತೋರಿಸಲು ಅದನ್ನೇ ವಿಮಾನದಲ್ಲಿ ಫ್ರಾನ್ಸಿಗೆ ಕರೆತರಬೇಕಾಯಿತು. ನಾಯಿ ಸಾಕಿರುವ ಮನೆಯ ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ನೀರು ಕಟ್ಟಿದ ಊರು: ‘ಬಾಕುರಾವ್’

ಅದೇ ಸೆರ್ತಾಂವ್, ಆದರೆ ಕೆಲವು ವರ್ಷಗಳ ಮುಂದಿನ ಕಾಲ. ಕ್ಲೆಬರ್ ಮೆಂಡೊನ್ಸಾ ಫಿಲ್ಯೊ ಮತ್ತು ಜೂಲಿಯಾನೊ ದೊರ್ನೆಲೆಸ್ ಸೇರಿ ನಿರ್ದೇಶಿಸಿದ, 2019ರಲ್ಲಿ ಕಾನ್ ಉತ್ಸವದ ತೀರ್ಪುಗಾರರ ಬಹುಮಾನವನ್ನು ಹಂಚಿಕೊಂಡ ಈ ಚಿತ್ರದಲ್ಲಿ ಊರಿನ ನೀರನ್ನು ಬಲವುಳ್ಳವರು ತಡೆದಿಟ್ಟಿದ್ದಾರೆ. ಕುಡಿಯುವ ನೀರು ಟ್ಯಾಂಕರ್‌ನಲ್ಲಿ ಬರಬೇಕು. ಒಂದು ದಿನ ಆ ಟ್ಯಾಂಕರ್ ಊರಿಗೆ ಬಂದು ನಿಂತಾಗ ಅದರ ಮೈಯಲ್ಲಿ ಗುಂಡಿನ ತೂತುಗಳಿದ್ದು, ಒಂದೊಂದರಿಂದಲೂ ನೀರು ಚಿಮ್ಮುತ್ತಿರುತ್ತದೆ. ಜನ ಓಡಿ ಬರುತ್ತಾರೆ. ಗುಂಡು ಹಾರಿಸಿದವರು ಯಾರು ಎನ್ನುವುದಕ್ಕಿಂತ ಸೋರುವ ನೀರೇ ಆ ಕ್ಷಣದಲ್ಲಿ ದೊಡ್ಡ ಸಂಕಟ. ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕೊಡ ಸಾಲಿಟ್ಟು ಕಾದವರಿಗೆ ಆ ದೃಶ್ಯದ ಬೆಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ಊರಿನ ಹೆಸರು ಡಿಜಿಟಲ್ ನಕ್ಷೆಯಿಂದಲೂ ಮಾಯವಾಗಿರುತ್ತದೆ.

ಎರಡು ವಸ್ತುಗಳ ನಡುವೆ ಹೊಯ್ದಾಡುವವರಿಗೆ ಈ ಚಿತ್ರ ಒಂದು ಸೇತುವೆ. ಬ್ರೆಜಿಲ್ ಚಿತ್ರರಂಗದ ಅತಿ ಪ್ರಸಿದ್ಧ ತಾರೆಯರಲ್ಲಿ ಒಬ್ಬರಾದ ಸೋನಿಯಾ ಬ್ರಾಗಾ ಇಲ್ಲಿ ಊರಿನ ವೈದ್ಯೆ ದೊಮಿಂಗಾಸ್ ಆಗಿದ್ದಾರೆ. 1976ರ ‘ದೋನಾ ಫ್ಲೋರ್’ ಚಿತ್ರದಲ್ಲಿ ದೇಶವನ್ನೇ ಮರುಳುಗೊಳಿಸಿದ ನಟಿ, ಇಲ್ಲಿ ನರೆಗೂದಲನ್ನು ಮುಚ್ಚಿಡದೆ, ಕುಡಿದು ಸಾವಿನ ಮನೆಯ ಮುಂದೆ ಕೂಗಾಡುವ, ಮರುದಿನ ಬೆಳಗ್ಗೆ ಅದೇ ಕೈಯಿಂದ ರೋಗಿಗಳನ್ನು ನೋಡುವ ಹೆಂಗಸಾಗಿ ನಿಲ್ಲುತ್ತಾರೆ. ನಟಿಯೊಬ್ಬರು ವಯಸ್ಸಾದ ಮೇಲೆ ಯಾವ ಪಾತ್ರಗಳನ್ನು ಪಡೆಯಬಹುದು ಎಂಬ ಪ್ರಶ್ನೆಗೆ ಇದೊಂದು ಗಟ್ಟಿ ಉತ್ತರ.

ಆದರೆ ಚಿತ್ರದ ಎರಡನೆಯ ಭಾಗದಲ್ಲಿ ರಕ್ತಪಾತ ಬಹಳ. ತಲೆಗಳು ಉರುಳುತ್ತವೆ, ಮಗುವೊಂದು ಸಾಯುತ್ತದೆ. ಹದಿನೆಂಟು ದಾಟದವರನ್ನು ಕೂರಿಸಬೇಡಿ. ಅವಧಿಯೂ ಎರಡು ಗಂಟೆ ಮೀರುತ್ತದೆ. ಅಗಲವಾದ ಚೌಕಟ್ಟಿನಲ್ಲಿ ಇಡೀ ಊರನ್ನು ಒಟ್ಟಿಗೆ ತೋರಿಸುವ ದೃಶ್ಯಗಳೇ ಇದರ ಜೀವವಾದ್ದರಿಂದ ಮೊಬೈಲ್‌ನಲ್ಲಿ ನೋಡುವುದು ಶುದ್ಧ ನಷ್ಟ. ನಾಲ್ಕೈದು ಗೆಳೆಯರು ಸೇರಿ ದೊಡ್ಡ ಟಿವಿಯಲ್ಲಿ ನೋಡಿ, ಆಮೇಲೆ ಒಂದು ಗಂಟೆ ವಾದ ಮಾಡಲು ಇದಕ್ಕಿಂತ ಒಳ್ಳೆಯ ಆಯ್ಕೆ ಈ ಪಟ್ಟಿಯಲ್ಲಿಲ್ಲ.

ಮನೆಯೊಳಗಿನ ಅನಾಹುತ: ‘ದಿ ಪಿಂಕ್ ಕ್ಲೌಡ್’

ಊಲಿ ಜೆರ್ಬಾಸಿ ಅವರ ಈ ಮೊದಲ ಕಥಾಚಿತ್ರದಲ್ಲಿ ಒಂದು ಬೆಳಗ್ಗೆ ಗುಲಾಬಿ ಬಣ್ಣದ ಮೋಡ ಭೂಮಿಗಿಳಿಯುತ್ತದೆ. ಅದು ತಾಗಿದವರು ಹತ್ತು ಸೆಕೆಂಡಿನಲ್ಲಿ ಸಾಯುತ್ತಾರೆ. ಹಿಂದಿನ ರಾತ್ರಿಯಷ್ಟೇ ಪರಿಚಯವಾಗಿದ್ದ ಜೊವಾನಾ ಮತ್ತು ಯಾಗು ಒಂದೇ ಫ್ಲ್ಯಾಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ದಿನಗಳು ವರ್ಷಗಳಾಗುತ್ತವೆ. ಕಿಟಕಿಗೆ ಜೋಡಿಸಿದ ಕೊಳವೆಯ ಮೂಲಕ ಊಟ ಬರುತ್ತದೆ, ಮಗು ಹುಟ್ಟುತ್ತದೆ, ಹೊರಗಿನ ಲೋಕವನ್ನೇ ಕಾಣದ ಆ ಮಗುವಿಗೆ ಗುಲಾಬಿ ಮೋಡವೆಂದರೆ ಭಯವೇ ಇಲ್ಲ. 2017ರಲ್ಲಿ ಬರೆದು 2019ರಲ್ಲಿ ಚಿತ್ರೀಕರಿಸಿದ್ದು, ನಿಜ ಘಟನೆಗಳೊಡನೆ ಹೋಲಿಕೆ ಕಂಡರೆ ಅದು ಆಕಸ್ಮಿಕ ಎಂದು ಚಿತ್ರದ ಮೊದಲಲ್ಲೇ ತಿಳಿಸಲಾಗಿದೆ. 2021ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಇದು ತೆರೆಕಂಡಾಗ ಇಡೀ ಜಗತ್ತು ಬಾಗಿಲು ಹಾಕಿಕೊಂಡಿತ್ತು.

ಮರುದಿನದ ಅಳತೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಅನಾಹುತದ ಕಾರಣವನ್ನು ಹುಡುಕಲು ಚಿತ್ರ ಹೋಗುವುದೇ ಇಲ್ಲ. ಒಂದೇ ಕೋಣೆಯಲ್ಲಿ ಒಬ್ಬರಿಗೆ ಹೊಂದಿಕೆಯಾದ ಬದುಕು ಇನ್ನೊಬ್ಬರಿಗೆ ಏಕೆ ಉಸಿರುಗಟ್ಟಿಸುತ್ತದೆ ಎಂಬುದಷ್ಟೇ ಅದರ ಕಾಳಜಿ. ಲಾಕ್‌ಡೌನ್‌ನಲ್ಲಿ ಒಂಟಿಯಾಗಿದ್ದವರಿಗೆ, ಆ ದಿನಗಳಲ್ಲಿ ಮನೆಯವರ ಕೊನೆಯ ದರ್ಶನವೂ ಸಿಗದವರಿಗೆ, ಇದು ಗಾಯ ಕೆದಕಬಹುದು. ಮಧ್ಯಭಾಗದಲ್ಲಿ ಒಂದೇ ಬಗೆಯ ಜಗಳ ಮತ್ತೆ ಮತ್ತೆ ಬರುವುದರಿಂದ ಅರ್ಧ ಗಂಟೆ ಮೊದಲೇ ಮುಗಿದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿದೆ. ದಂಪತಿಗಳು ಇಬ್ಬರೇ ಕುಳಿತು ನೋಡಬಹುದಾದ ಚಿತ್ರ. ಲ್ಯಾಪ್‌ಟಾಪ್ ಸಾಕು.

ಅನಾಹುತದ ಕಡೆ ಇನ್ನೆರಡನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1987ರ ಸೆಪ್ಟೆಂಬರ್‌ನಲ್ಲಿ ಗೊಯಾನಿಯಾ ನಗರದ ಪಾಳುಬಿದ್ದ ಚಿಕಿತ್ಸಾಲಯವೊಂದರಿಂದ ಗುಜರಿ ಆಯುವವರು ವಿಕಿರಣ ಚಿಕಿತ್ಸೆಯ ಯಂತ್ರದ ಭಾಗವನ್ನು ಹೊತ್ತೊಯ್ದರು. ಗುಜರಿ ಅಂಗಡಿಯಲ್ಲಿ ಅದನ್ನು ಒಡೆದಾಗ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ಸಿಕ್ಕಿತು. ಚಂದ ಕಂಡ ಆ ಪುಡಿಯನ್ನು ನೆಂಟರಿಷ್ಟರಿಗೆ ಹಂಚಿದರು. ಅದು ಸೀಸಿಯಂ 137. ನಾಲ್ವರು ಸತ್ತರು, 249 ಮಂದಿಯ ಮೈಗೆ ವಿಕಿರಣದ ಸೋಂಕು ತಗಲಿತ್ತು, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು. ಸತ್ತವರನ್ನು ತಮ್ಮ ಊರಿನ ಮಣ್ಣಿನಲ್ಲಿ ಹೂಳಬಾರದೆಂದು ಜನ ಕಲ್ಲು ತೂರಿದರು. ರೋಬೆರ್ತೊ ಪಿರೆಸ್ ಇದನ್ನು 1990ರಲ್ಲಿ ‘ಸೇಜಿಯು 137’ ಎಂಬ ಚಿತ್ರವಾಗಿಸಿದರು. ಕಲೆಯ ಸೊಗಸಿಗಿಂತ ನಡೆದದ್ದನ್ನು ತಿಳಿಯುವ ಹಂಬಲವಿರುವವರಿಗೆ ಇದು ತಕ್ಕದ್ದು. ಇನ್ನೊಂದು, ಎಲಿಯಾನೆ ಕಾಫೆ ಅವರ 2003ರ ‘ನರಾದೋರೆಸ್ ದಿ ಜಾವೆ’, ಎಂದರೆ ಜಾವೆಯ ಕಥೆಗಾರರು. ಅಣೆಕಟ್ಟಿಗೆ ಮುಳುಗಲಿರುವ ಊರನ್ನು ಉಳಿಸಲು ಅದರ ಚರಿತ್ರೆಯನ್ನು ಬರೆದು ತೋರಿಸಬೇಕಾಗುತ್ತದೆ. ಅಕ್ಷರ ಬಲ್ಲವನು ಊರಿಗೆಲ್ಲ ಒಬ್ಬನೇ, ಅವನನ್ನೂ ಚಾಡಿಪತ್ರ ಬರೆದನೆಂದು ಹಿಂದೆ ಊರಾಚೆ ಅಟ್ಟಿದ್ದಾರೆ. ಒಬ್ಬೊಬ್ಬರು ಹೇಳುವ ಚರಿತ್ರೆ ಒಂದೊಂದು ಬಗೆ. ಶರಾವತಿಯ ಹಿನ್ನೀರಿನಲ್ಲಿ ಊರು ಬಿಟ್ಟು ಬಂದ ಮನೆತನದವರು ಇದನ್ನು ತಪ್ಪಿಸಿಕೊಳ್ಳಬಾರದು. ಮಾತಿನ ಚಿತ್ರವಾದ್ದರಿಂದ ಸಬ್‌ಟೈಟಲ್‌ನ ಹೊರೆ ಹೆಚ್ಚು, ಆದರೆ ಇಡೀ ಮನೆ ಕುಳಿತು ನಗುತ್ತ ನೋಡಬಹುದು.

ನಟಿಯ ಮಾತು, ಹೆಂಗಸಿನ ಮಾತು: ‘ಜೋಗು ದಿ ಸೇನಾ’

ಈಗ ಎರಡನೆಯ ಕಡೆಗೆ ಬರೋಣ. ಎದುವಾರ್ದೊ ಕೌತಿನ್ಯೊ ಅವರ 2007ರ ಈ ಸಾಕ್ಷ್ಯಚಿತ್ರವನ್ನು ಇಂಗ್ಲಿಷ್‌ನಲ್ಲಿ ‘ಪ್ಲೇಯಿಂಗ್’ ಎಂದು ಹುಡುಕಿದರೆ ಸಿಗುತ್ತದೆ. ನಿರ್ದೇಶಕರು ರಿಯೊ ನಗರದಲ್ಲಿ ಪತ್ರಿಕೆಯೊಂದಕ್ಕೆ ಜಾಹೀರಾತು ಕೊಟ್ಟು, ಹೇಳಲು ತಮ್ಮದೊಂದು ಕಥೆಯಿರುವ ಹೆಂಗಸರನ್ನು ಕರೆದರು. ಬಂದವರು 83 ಮಂದಿ. ಅವರಲ್ಲಿ 23 ಮಂದಿಯನ್ನು 2006ರ ಜೂನ್‌ನಲ್ಲಿ ಗ್ಲೌಸಿ ರೋಶಾ ರಂಗಮಂದಿರದ ವೇದಿಕೆಯ ಮೇಲೆ ಕೂರಿಸಿ ಮಾತಾಡಿಸಿದರು. ಮೂರು ತಿಂಗಳ ನಂತರ ಅದೇ ಕುರ್ಚಿಯಲ್ಲಿ ನಟಿಯರನ್ನು ಕೂರಿಸಿ, ಅದೇ ಕಥೆಗಳನ್ನು ತಮ್ಮದೆಂಬಂತೆ ಹೇಳಿಸಿದರು. ಮರೀಲಿಯಾ ಪೇರಾ, ಆಂದ್ರೇಯಾ ಬೆಲ್ತ್ರಾಂವ್, ಫೆರ್ನಾಂಡಾ ತೋರೆಸ್ ಅವರಂಥ ಹೆಸರಾಂತ ನಟಿಯರ ಜೊತೆಗೆ ಹೊರಗಿನವರು ಗುರುತಿಸಲಾರದ ನಟಿಯರೂ ಇದ್ದಾರೆ. ಹಾಗಾಗಿ ಸ್ವಲ್ಪ ಹೊತ್ತಿನಲ್ಲೇ, ಎದುರಿಗೆ ಅಳುತ್ತಿರುವವಳು ಆ ದುಃಖ ಅನುಭವಿಸಿದವಳೋ ಅಭಿನಯಿಸುತ್ತಿರುವವಳೋ ಎಂದು ಹೇಳಲಾಗದ ಸ್ಥಿತಿಗೆ ನಾವು ಬಂದು ನಿಲ್ಲುತ್ತೇವೆ.

ಕ್ಯಾಮೆರಾ ನೋಡುವುದು ಮುಖವನ್ನು. ಅದರ ಹಿಂದೆ ಪ್ರೇಕ್ಷಕರಿಲ್ಲದ ಖಾಲಿ ಕುರ್ಚಿಗಳ ಸಾಲು. ಚಪ್ಪಾಳೆ ಬರಬೇಕಾದ ದಿಕ್ಕಿನಲ್ಲಿ ಯಾರೂ ಇಲ್ಲ. ಮರೀಲಿಯಾ ಪೇರಾ, ಕಣ್ಣೀರು ತರಿಸುವ ಹರಳನ್ನು ನಟರು ಬಳಸುವುದುಂಟೆಂದು, ಬೇಕಾದೀತೆಂದು ತಾವೂ ತಂದಿದ್ದುದಾಗಿ ಹೇಳುತ್ತಾರೆ. ಆಂದ್ರೇಯಾ ಬೆಲ್ತ್ರಾಂವ್ ಅವರ ಕಷ್ಟ ಇದಕ್ಕೆ ವಿರುದ್ಧ. ಮಗನನ್ನು ಕಳೆದುಕೊಂಡ ತಾಯಿ ಅಳದೆ ಹೇಳಿದ ಮಾತನ್ನು ಹೇಳುವಾಗ ಇವರಿಗೆ ಅಳು ತಡೆಯಲಾಗುವುದಿಲ್ಲ. ಫೆರ್ನಾಂಡಾ ತೋರೆಸ್ ಅವರದಂತೂ ನಾನು ನೋಡಿದ ಅಭಿನಯದ ಪಾಠಗಳಲ್ಲೆಲ್ಲ ದೊಡ್ಡದು. ಇಪ್ಪತ್ತರ ಹರೆಯದಲ್ಲಿಯೇ, 1986ರಲ್ಲಿ, ಕಾನ್‌ನಲ್ಲಿ ಶ್ರೇಷ್ಠ ನಟಿ ಎನಿಸಿಕೊಂಡವರು ಇಲ್ಲಿ ನಡುವೆಯೇ ನಿಲ್ಲುತ್ತಾರೆ, ಮತ್ತೆ ಶುರುಮಾಡುತ್ತಾರೆ, ಮತ್ತೆ ತಡವರಿಸುತ್ತಾರೆ. ನಿಜವಾಗಿ ಬದುಕಿದವಳ ಮಾತನ್ನು ಅವಳ ಮಾತು ಕೇಳಿದವರ ಎದುರಿಗೇ ಹೇಳುವಾಗ ತಾನು ಸುಳ್ಳಾಡುತ್ತಿದ್ದೇನೆ ಎಂಬ ಅಳುಕು ಅವರ ಮುಖದ ಮೇಲೆ ಹಾದುಹೋಗುವುದನ್ನು ಕ್ಯಾಮೆರಾ ಕದಲದೆ ನೋಡುತ್ತದೆ. ‘ಐ ಆಮ್ ಸ್ಟಿಲ್ ಹಿಯರ್’ ಚಿತ್ರದಲ್ಲಿ ಅವರ ಸಂಯಮವನ್ನು ಮೆಚ್ಚಿದವರು ಅದರ ಹಿಂದಿನ ಹದಿನೇಳು ವರ್ಷಗಳ ದಾರಿಯನ್ನು ತಿಳಿಯಲು ಈ ಹತ್ತು ನಿಮಿಷಗಳನ್ನಾದರೂ ನೋಡಬೇಕು.

ನಟಿಯರ ಬದುಕಿನ ಚಿತ್ರಗಳಲ್ಲಿ ನನ್ನ ಮೊದಲ ಆಯ್ಕೆ ಇದು. ಆದರೆ ಇದರ ಬೆಲೆ ಸಬ್‌ಟೈಟಲ್. ಒಂದು ಮುಕ್ಕಾಲು ಗಂಟೆ ಮಾತು ಬಿಟ್ಟರೆ ಬೇರೇನೂ ಇಲ್ಲ. ಕಣ್ಣು ಸಾಲುಗಳ ಮೇಲಿದ್ದರೆ ಮುಖ ತಪ್ಪುತ್ತದೆ, ಮುಖದ ಮೇಲಿದ್ದರೆ ಮಾತು ತಪ್ಪುತ್ತದೆ. ನನ್ನ ಸಲಹೆಯೆಂದರೆ ಒಬ್ಬರೇ ನೋಡಿ, ಬೇಕೆನಿಸಿದಲ್ಲಿ ನಿಲ್ಲಿಸಿ, ಹಿಂದೆ ಹೋಗಿ ಮತ್ತೆ ನೋಡಿ. ಪರದೆ ಸಣ್ಣದಾದರೂ ಅಡ್ಡಿಯಿಲ್ಲ. ‘ವೀದಾಸ್ ಸೇಕಾಸ್’ ಇದಕ್ಕೆ ನೇರ ವಿರುದ್ಧ ತುದಿ: ಅಲ್ಲಿ ಮಾತೇ ಇಲ್ಲದ ಸಂಸಾರ, ಇಲ್ಲಿ ಮಾತೇ ಆಸರೆಯಾದ ಹೆಂಗಸರು.

ಬಾಡಿಗೆ, ಕರಪತ್ರ, ಸೋರುವ ಸೂರು

ಹೆಸರು ಮಾಡದ ನಟಿಯ ದಿನಗಳನ್ನು ನೋಡಬೇಕೆಂದರೆ ಗುಸ್ತಾವು ಪಿತ್ಸಿ ಅವರ 2010ರ ‘ರಿಸ್ಕಾದು’ ನೋಡಿ. ಬಿಯಾಂಕಾ ಪ್ರತಿಭಾವಂತೆ, ಆದರೆ ಹೊಟ್ಟೆಪಾಡಿಗೆ ಮರ್ಲಿನ್ ಮನ್ರೋ ವೇಷ ಹಾಕಿಕೊಂಡು ಸಮಾರಂಭಗಳಲ್ಲಿ ನಿಲ್ಲುತ್ತಾಳೆ, ಕರಪತ್ರ ಹಂಚುತ್ತಾಳೆ. ಆಗ ಅವಳ ಬದುಕನ್ನೇ ಆಧರಿಸಿದ ಪಾತ್ರವೊಂದು ವಿದೇಶಿ ಚಿತ್ರತಂಡದಿಂದ ಬರುತ್ತದೆ. ಮುಂದೇನಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಬಿಯಾಂಕಾ ಆಗಿ ನಟಿಸಿದ ಕರಿನೆ ತೆಲಿಸ್ ಚಿತ್ರಕಥೆಯಲ್ಲೂ ಪಾಲುಗೊಂಡಿದ್ದಾರೆ, ಆದ್ದರಿಂದ ಆಡಿಷನ್ ಕೋಣೆಯ ಹೊರಗೆ ಕಾಯುವ ಬೇಸರ ಊಹೆಯಿಂದ ಬಂದದ್ದಲ್ಲವೆಂದು ಗೊತ್ತಾಗುತ್ತದೆ. ಹವ್ಯಾಸಿ ರಂಗಭೂಮಿಯಲ್ಲಿ ತೊಡಗಿಕೊಂಡು, ಮುಂದೆ ನಟನೆಯನ್ನೇ ನೆಚ್ಚಿಕೊಳ್ಳಬಹುದೇ ಎಂದು ಯೋಚಿಸುತ್ತಿರುವ ಯುವಕ ಯುವತಿಯರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಇದಕ್ಕೆ ಜೋಡಿಯಾಗಿ ಪೆದ್ರು ಫ್ರೇಯ್ರಿ ಅವರ 2024ರ ‘ಮಾಲೂ’ ಇದೆ. ನಿರ್ದೇಶಕರು ನಟಿಯಾಗಿದ್ದ ತಮ್ಮ ತಾಯಿ ಮಾಲೂ ರೋಶಾ ಅವರ ಬದುಕಿನಿಂದ ಈ ಕಥೆಯನ್ನು ಎತ್ತಿಕೊಂಡಿದ್ದಾರೆ. 1990ರ ದಶಕದ ರಿಯೊ. ಅರ್ಧಂಬರ್ಧ ನಿಂತ ಮನೆಯಲ್ಲಿ ಕೆಲಸವಿಲ್ಲದ ನಟಿ, ಸಂಪ್ರದಾಯಸ್ಥಳಾದ ಅವಳ ತಾಯಿ, ಬಂದುಹೋಗುವ ಮಗಳು. ಮಾಲೂಗೆ ಆ ಮನೆಯನ್ನು ಕಲಾಕೇಂದ್ರವಾಗಿಸುವ ಕನಸು. ಬದುಕಿ ಉಳಿಯುವ ಕಥೆಯೂ ನಟಿಯ ಕಥೆಯೂ ಒಂದೇ ಸೂರಿನಡಿ ಕೂಡುವುದು ಇಲ್ಲಿ. ಪ್ರೀತಿ ಮತ್ತು ಕ್ರೌರ್ಯ ಒಂದೇ ಉಸಿರಿನಲ್ಲಿ ಹೊರಡುವ ತಾಯಿ ಮಗಳ ಜಗಳಗಳು ಕೆಲವರಿಗೆ ಅತಿ ಹತ್ತಿರದವೆನಿಸಬಹುದು. ವಯಸ್ಸಾದ ತಾಯಿತಂದೆಯರನ್ನು ನೋಡಿಕೊಳ್ಳುತ್ತಿರುವವರು ಮನಸ್ಸು ಹಗುರವಾಗಿರುವ ದಿನ ಇದನ್ನು ಆರಿಸಿಕೊಳ್ಳಲಿ.

ಪೆತ್ರಾ ಕೋಸ್ತಾ ಅವರ 2012ರ ‘ಎಲೆನಾ’ ಬಗ್ಗೆ ಹೆಚ್ಚು ಎಚ್ಚರದಿಂದ ಹೇಳಬೇಕು. ಅಕ್ಕ ಎಲೆನಾ ಚಿತ್ರನಟಿಯಾಗಬೇಕೆಂದು ನ್ಯೂಯಾರ್ಕಿಗೆ ಹೋಗಿ, 1990ರಲ್ಲಿ ಇಪ್ಪತ್ತರ ವಯಸ್ಸಿಗೆ ತನ್ನ ಜೀವ ತೆಗೆದುಕೊಂಡಾಗ ಪೆತ್ರಾಗೆ ಏಳು ವರ್ಷ. ಮನೆಯ ಹಳೆಯ ವಿಡಿಯೊಗಳು, ಅಕ್ಕ ಕಳಿಸುತ್ತಿದ್ದ ಧ್ವನಿಮುದ್ರಿತ ಕ್ಯಾಸೆಟ್‌ಗಳು, ತಂಗಿಯ ಮೆಲುದನಿಯ ನಿರೂಪಣೆ, ಇವುಗಳಿಂದ ಹೆಣೆದ ಈ ಚಿತ್ರ ಒಂದೂವರೆ ಗಂಟೆಗೂ ಕಡಿಮೆ. ಸಬ್‌ಟೈಟಲ್ ಹಿತಮಿತ, ದೃಶ್ಯಗಳು ಕಾವ್ಯದಂತಿವೆ. ಆದರೆ ಮನೆಯಲ್ಲಿ ಇಂಥ ಸಾವು ಕಂಡವರು, ಈಗ ಮನಸ್ಸು ಕುಗ್ಗಿರುವವರು ಇದನ್ನು ಒಬ್ಬರೇ ನೋಡಬಾರದು. ಬೇರೆ ಚಿತ್ರ ಆರಿಸಿಕೊಂಡರೆ ಯಾವ ನಷ್ಟವೂ ಇಲ್ಲ.

ತಾರೆಯರ ಜೀವನಕಥೆ ಬೇಕೆನ್ನುವವರಿಗೆ

ಹೆಲೆನಾ ಸೋಲ್ಬರ್ಗ್ ಅವರ 1995ರ ‘ಬನಾನಾಸ್ ಈಸ್ ಮೈ ಬಿಸ್ನೆಸ್’ ಕಾರ್ಮೆನ್ ಮಿರಾಂಡಾ ಕುರಿತದ್ದು. 1909ರಲ್ಲಿ ಪೋರ್ಚುಗಲ್‌ನಲ್ಲಿ ಹುಟ್ಟಿ ರಿಯೊದಲ್ಲಿ ಬೆಳೆದ ಈ ಹಾಡುಗಾರ್ತಿ 1939ರಲ್ಲಿ ಬ್ರಾಡ್‌ವೇಗೆ ಹೋಗಿ, ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತ ನಗುಮುಖವಾಗಿ ಹಾಲಿವುಡ್‌ನಲ್ಲಿ ಲೋಕಪ್ರಸಿದ್ಧರಾದರು. ಮರುವರ್ಷ ರಿಯೊದ ಉರ್ಕಾ ಕ್ಯಾಸಿನೊದಲ್ಲಿ ಹಾಡಲು ಬಂದಾಗ ಸಭಿಕರು ತಣ್ಣಗೆ ಕುಳಿತರು, ಅಮೆರಿಕದವಳಾಗಿಬಿಟ್ಟಳು ಎಂಬ ದೂರು ಕೇಳಬೇಕಾಯಿತು. ಆಮೇಲೆ ಅವರು ತಾಯ್ನಾಡಿನ ಮುಖ ನೋಡಿದ್ದು ಹದಿನಾಲ್ಕು ವರ್ಷಗಳ ನಂತರ. 1955ರ ಆಗಸ್ಟ್‌ನಲ್ಲಿ, 46ರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಶವಯಾತ್ರೆಗೆ ಹೋಗಲು ಮನೆಯವರು ಬಿಡದ ಹುಡುಗಿಯೊಬ್ಬಳಿದ್ದಳು. ಅವಳೇ ನಲವತ್ತು ವರ್ಷಗಳ ಮೇಲೆ ಈ ಚಿತ್ರ ಮಾಡಿದ ನಿರ್ದೇಶಕಿ. ನಿರೂಪಣೆ ಇಂಗ್ಲಿಷ್‌ನಲ್ಲಿರುವುದರಿಂದ, ಹಾಡುಕುಣಿತ ಹೇರಳವಾಗಿರುವುದರಿಂದ, ಇಡೀ ಪಟ್ಟಿಯಲ್ಲಿ ಪ್ರವೇಶಕ್ಕೆ ಅತಿ ಸುಲಭವಾದದ್ದು ಇದು.

ಲೂಯಿಸ್ ಕಾರ್ಲೋಸ್ ಲಸೆರ್ದಾ ಅವರ 1987ರ ‘ಲೇಲಾ ದಿನೀಜ್’ ಕಥಾಚಿತ್ರಕ್ಕೆ ನಮ್ಮ ನೆಲದೊಡನೆ ನೋವಿನ ನಂಟಿದೆ. 1969ರಲ್ಲಿ ‘ಓ ಪಾಸ್ಕಿಂ’ ಪತ್ರಿಕೆಗೆ ಮುಚ್ಚುಮರೆಯಿಲ್ಲದ ಸಂದರ್ಶನ ಕೊಟ್ಟು ಸೈನಿಕ 
ಸರ್ಕಾರವನ್ನು ಕೆರಳಿಸಿದ ನಟಿ ಲೇಲಾ. ಮುಂದಿನ ಜನವರಿಯಲ್ಲಿ ಬಂದ ಪೂರ್ವ ಸೆನ್ಸಾರ್ ಕಾನೂನನ್ನು ಜನ ಅವರ ಹೆಸರಿನಿಂದಲೇ ಕರೆದರು. ತುಂಬು ಬಸುರಿಯಾಗಿದ್ದಾಗ ಬಿಕಿನಿ ತೊಟ್ಟು ಕಡಲತೀರಕ್ಕೆ ಹೋದದ್ದು ಇಡೀ ದೇಶದಲ್ಲಿ ಸುದ್ದಿಯಾಯಿತು. ಆಸ್ಟ್ರೇಲಿಯಾದ ಚಿತ್ರೋತ್ಸವದಿಂದ ಹಿಂದಿರುಗುತ್ತಿದ್ದ ಅವರ ವಿಮಾನ 1972ರ ಜೂನ್ 14ರಂದು ದೆಹಲಿಯ ಪಾಲಂ ನಿಲ್ದಾಣದಲ್ಲಿ ಇಳಿಯುವ ಮುನ್ನ ಅಪಘಾತಕ್ಕೀಡಾಯಿತು. ಅವರಿಗೆ 27 ವರ್ಷ, ಮನೆಯಲ್ಲಿ ಕೈಗೂಸಿತ್ತು. ಗೆಳೆಯನಾಗಿದ್ದ ನಿರ್ದೇಶಕ ಪ್ರೀತಿಯಿಂದ ಮಾಡಿದ ಚಿತ್ರವಾದ್ದರಿಂದ ಇದರಲ್ಲಿ ಲೇಲಾ ಬದುಕಿನ ಬಿರುಸಿದೆ, ಒರಟು ಅಂಚುಗಳು ಮಾತ್ರ ಸವೆದಿವೆ.

ಕರಿಯ ನಟಿಯರ ಬದುಕನ್ನು ಬಿಟ್ಟು ಬ್ರೆಜಿಲ್‌ನ ನಟಿಯರ ಕಥೆ ಪೂರ್ತಿಯಾಗುವುದಿಲ್ಲ. 1945ರಲ್ಲಿ ರಿಯೊದ ಮುನಿಸಿಪಲ್ ರಂಗಮಂದಿರದ ವೇದಿಕೆಯೇರಿದ ಮೊದಲ ಕರಿಯ ನಟಿ ರೂತ್ ದಿ ಸೋಜಾ. ಜೂಲಿಯಾನಾ ವಿಸೆಂತಿ ಅವರು 2022ರಲ್ಲಿ ಅವರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ, ಜೊಯೆಲ್ ಜಿತು ಅರೌಜೊ ಅವರ 2000ದ ‘ಆ ನೆಗಸಾಂವ್ ದು ಬ್ರಜಿಲ್’, ಎರಡನ್ನೂ ಒಟ್ಟಿಗೆ ನೋಡಿದರೆ, ದಶಕಗಳ ಕಾಲ ಟಿವಿ ಧಾರಾವಾಹಿಗಳಲ್ಲಿ ಅಡುಗೆಯವಳ, ಕೆಲಸದವಳ ಪಾತ್ರಗಳಲ್ಲೇ ಕಟ್ಟಿಹಾಕಲ್ಪಟ್ಟ ಪ್ರತಿಭೆಗಳ ಅಳಲು ಅರ್ಥವಾಗುತ್ತದೆ.

ಹಾಗಾದರೆ ಯಾವುದು?

ಹಿರಿಯರೊಡನೆ ಕೂರುವ ಸಂಜೆಗೆ ‘ವೀದಾಸ್ ಸೇಕಾಸ್’. ಅವರಿಗೆ ಹಾಡು ಇಷ್ಟವಿದ್ದು ನೋವು ಬೇಡವೆನಿಸಿದರೆ ಕಾರ್ಮೆನ್ ಮಿರಾಂಡಾ. ಗೆಳೆಯರ ಗುಂಪಿಗೆ ‘ಬಾಕುರಾವ್’. ನಟನೆ ಕಲಿಯುವವರಿಗೆ ಮೊದಲು ‘ರಿಸ್ಕಾದು’, ಆಮೇಲೆ ‘ಜೋಗು ದಿ ಸೇನಾ’. ಒಂದೇ ಚಿತ್ರದಲ್ಲಿ ಎರಡು ವಸ್ತುಗಳೂ ಬೇಕೆನ್ನುವವರಿಗೆ ‘ಮಾಲೂ’. ಖರ್ಚಿನ ಬಗ್ಗೆ ಒಂದು ಮಾತು: ಯಾವ ಚಿತ್ರ ಯಾವ ಸ್ಟ್ರೀಮಿಂಗ್ ವೇದಿಕೆಯಲ್ಲಿದೆ ಎಂಬುದು ತಿಂಗಳು ತಿಂಗಳಿಗೆ ಬದಲಾಗುವುದರಿಂದ, ಒಂದು ಚಿತ್ರಕ್ಕಾಗಿ ವರ್ಷದ ಚಂದಾ ಕಟ್ಟುವುದಕ್ಕಿಂತ ಬಾಡಿಗೆಗೆ ಸಿಗುತ್ತದೆಯೇ ಎಂದು ಮೊದಲು ನೋಡಿ. ಬೆಂಗಳೂರಿನಲ್ಲಿರುವವರು ಬನಶಂಕರಿಯ ಸುಚಿತ್ರ ಫಿಲಂ ಸೊಸೈಟಿಯ ಪ್ರದರ್ಶನಗಳ ಮೇಲೂ, ನಗರದ ಅಂತರರಾಷ್ಟ್ರೀಯ ಚಿತ್ರೋತ್ಸವದ ಪಟ್ಟಿಯ ಮೇಲೂ ಕಣ್ಣಿಟ್ಟಿರಲಿ. ಮನೆಗೆ ಜನರನ್ನು ಕರೆದಿದ್ದರೆ, ಸಬ್‌ಟೈಟಲ್ ಮಾತಿಗೆ ಸರಿಯಾಗಿ ಬರುತ್ತಿದೆಯೇ ಎಂದು ಹಿಂದಿನ ದಿನವೇ ಐದು ನಿಮಿಷ ಓಡಿಸಿ ನೋಡುವುದನ್ನು ಮರೆಯಬೇಡಿ.

ಎರಡು ಸಂಜೆಗಳು ಸಿಕ್ಕರೆ, ಶನಿವಾರ ‘ವೀದಾಸ್ ಸೇಕಾಸ್’ ಹಾಕಿ, ಭಾನುವಾರ ‘ಜೋಗು ದಿ ಸೇನಾ’ ಹಾಕಿ. ಎರಡನೆಯದರ ಕೊನೆಯಲ್ಲಿ, ತನ್ನ ಕಥೆ ಹೇಳಿ ಹೋಗಿದ್ದ ಹೆಂಗಸೊಬ್ಬಳು ಹಾಡಬೇಕೆಂದು ತಾನಾಗಿಯೇ ವೇದಿಕೆಗೆ ಮರಳುತ್ತಾಳೆ. ಅವಳು ಹಾಡುವ ಮಕ್ಕಳ ಹಾಡಿಗೆ, ಅವಳ ಪಾತ್ರ ವಹಿಸಿದ ಮರೀಲಿಯಾ ಪೇರಾ ಅವರ ದನಿಯೂ ಬಂದು ಸೇರಿಕೊಳ್ಳುತ್ತದೆ. ಹಿಂದಿನ ಸಂಜೆ ಆ ಮೂಕ ಗಿಳಿಯನ್ನು ನೋಡಿದವರಿಗೆ ಈ ಎರಡು ದನಿಗಳು ಬೇರೆಯಾಗಿಯೇ ಕೇಳಿಸುತ್ತವೆ.